ಇನ್ಸುಲಿನ್ ಜೊತೆ ಮೂವತ್ತೈದು ವರ್ಷ

ಕಾರ್ಯಕ್ರಮ ನಿರ್ಮಾಪಕರು ತೆರೆಯ ಹಿಂದೆ ಇರಬೇಕಾದವರು. ಮಾತನಾಡಲು ಬಲ್ಲವರನ್ನು ಕರೆತಂದು ಕೂರಿಸುವುದು, ಅವರ ಮಾತು ನಿಮಗೆ ಸ್ಪಷ್ಟವಾಗಿ ಕೇಳುವಂತೆ ಮಾಡುವುದು, ಸಮಯ ಮುಗಿಯುತ್ತಿದ್ದಂತೆ ಕೈಸನ್ನೆ ಮಾಡುವುದು, ಇಷ್ಟು ನಮ್ಮ ಕೆಲಸ. ಇಪ್ಪತ್ತು ವರ್ಷ ಆ ಕೆಲಸ ಮಾಡಿಕೊಂಡು ಬಂದ ನಾನು ಈ ಸಲ ಮಾತನಾಡುವವರ ಕುರ್ಚಿಯಲ್ಲಿ ಕುಳಿತಿದ್ದೇನೆ. ಅದಕ್ಕೆ ಕಾರಣ ಒಂದು ದೂರವಾಣಿ ಕರೆ. ಮೊದಲು ಅದನ್ನೇ ಹೇಳುತ್ತೇನೆ.

ಕಳೆದ ವರ್ಷ ನಮ್ಮ ನೇರ ಪ್ರಸಾರದ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ಮಧುಮೇಹದ ಬಗ್ಗೆ ಚರ್ಚೆ ಇತ್ತು. ಅತಿಥಿಗಳು ಆಹಾರ, ನಡಿಗೆ, ತೂಕ ಇಳಿಸುವಿಕೆ ಕುರಿತು ಚೆನ್ನಾಗಿಯೇ ಮಾತನಾಡಿದರು. ಕೊನೆಯ ಎರಡು ನಿಮಿಷ ಉಳಿದಿದ್ದಾಗ, "ಪಥ್ಯ ಸರಿಯಾಗಿ ಮಾಡಿದರೆ ಇನ್ಸುಲಿನ್ ಸೂಜಿಯನ್ನು ಪೂರ್ತಿ ಬಿಟ್ಟುಬಿಡಬಹುದು" ಎಂದರು. ಅವರು ಹೇಳಿದ್ದು ಒಂದು ಬಗೆಯ ಮಧುಮೇಹ ಇರುವ ಕೆಲವರ ಮಟ್ಟಿಗೆ ನಿಜ. ಇನ್ನೊಂದು ಬಗೆಯವರ ಮಟ್ಟಿಗೆ ಅದು ಪ್ರಾಣ ತೆಗೆಯುವ ಮಾತು. ಆ ವ್ಯತ್ಯಾಸವನ್ನು ಅವರು ಹೇಳಲಿಲ್ಲ. ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ನಿರೂಪಕರ ಕಿವಿಗೆ ಮಾತು ಮುಟ್ಟಿಸುವ ಟಾಕ್‌ಬ್ಯಾಕ್ ಗುಂಡಿ ನನ್ನ ಬೆರಳಿನ ಪಕ್ಕದಲ್ಲೇ ಇತ್ತು. "ಯಾವ ಬಗೆಯ ಮಧುಮೇಹಕ್ಕೆ ಎಂದು ಕೇಳಿ" ಎನ್ನುವ ಒಂದು ವಾಕ್ಯ ಸಾಕಿತ್ತು. ನಾನು ಗುಂಡಿ ಒತ್ತಲಿಲ್ಲ. ಶೀರ್ಷಿಕೆ ಸಂಗೀತ ಬಂತು, ಕಾರ್ಯಕ್ರಮ ಮುಗಿಯಿತು.

ಮರುದಿನ ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಆ ಕಡೆ ಒಬ್ಬ ತಾಯಿ. "ಮೇಡಂ, ನನ್ನ ಮಗಳಿಗೆ ಒಂಬತ್ತು ವರ್ಷ. ದಿನಾ ಸೂಜಿ ಚುಚ್ಚಬೇಕು. ನಿನ್ನೆ ನಿಮ್ಮ ಟೀವಿಯಲ್ಲಿ ಬಿಡಬಹುದು ಅಂದ್ರಲ್ಲ, ಇವತ್ತಿಂದಲೇ ಬಿಡ್ಲಾ?" ಎಂದು ಕೇಳಿದರು.

"ಬೇಡಮ್ಮ, ಒಂದು ಹೊತ್ತೂ ಬಿಡಬೇಡಿ" ಎಂದೆ. ಯಾಕೆ ಎಂದು ಅವರು ಕೇಳಿದಾಗ ಪುಸ್ತಕದ ಉತ್ತರ ಕೊಡಬಹುದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಯಾಕೆಂದರೆ ನನಗೂ ಅದೇ ಇದೆ. ನಿಮ್ಮ ಮಗಳ ವಯಸ್ಸಿನಿಂದಲೂ ಇದೆ." ಪಕ್ಕದ ಮೇಜಿನ ಸಹೋದ್ಯೋಗಿ ತಲೆ ಎತ್ತಿ ನನ್ನನ್ನೇ ನೋಡಿದರು. ನನ್ನ ಕಚೇರಿಯಲ್ಲಿ ಅಲ್ಲಿಯವರೆಗೆ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ನಾನು ಗುಂಡಿ ಒತ್ತದೆ ಕುಳಿತದ್ದೂ ಅದಕ್ಕಾಗಿಯೇ. "ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಹಳೆಯ ಅಳುಕು.

ಮುಂದಿನ ವಾರದ ಕಾರ್ಯಕ್ರಮದಲ್ಲಿ ತಿದ್ದುಪಡಿ ಹೇಳಿಸಿದೆವು. ಆದರೆ ಆ ತಾಯಿ ಫೋನ್ ಮಾಡದೇ ಇದ್ದಿದ್ದರೆ? ಫೋನ್ ಮಾಡಲು ತೋಚದ ಇನ್ನೊಬ್ಬ ತಾಯಿ ಎಲ್ಲಾದರೂ ಇದ್ದಿದ್ದರೆ? ಅವರಿಗಾಗಿ ಈ ಭಾಷಣ.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ನಮ್ಮ ಸುತ್ತ ಕಾಣುವ ನೂರು ಮಂದಿ ಮಧುಮೇಹಿಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನರದ್ದು ಎರಡನೇ ಬಗೆ, ಅಂದರೆ ಟೈಪ್ ಟೂ. ಅವರ ದೇಹದಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಆದರೆ ಸಾಲುವುದಿಲ್ಲ, ಅಥವಾ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಪಥ್ಯ, ನಡಿಗೆ, ಮಾತ್ರೆಗಳಿಂದ ಅವರಲ್ಲಿ ಅನೇಕರು ಸುಧಾರಿಸುತ್ತಾರೆ. ಸೂಜಿ ಹಾಕಿಸಿಕೊಳ್ಳುತ್ತಿದ್ದ ಕೆಲವರು ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸುವುದೂ ಉಂಟು.

ಮೊದಲನೇ ಬಗೆ, ಅಂದರೆ ಟೈಪ್ ಒನ್, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡವರಲ್ಲಿಯೂ ಬರಬಹುದು. ಜಠರದ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿ ಇದೆ. ಅದರೊಳಗೆ ದ್ವೀಪಗಳಂತೆ ಚದುರಿದ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯ ವಿದ್ಯಾರ್ಥಿ ಅವುಗಳನ್ನು ಮೊದಲು ವರ್ಣಿಸಿದರು. ಅಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಈ ಬೀಟಾ ಕೋಶಗಳನ್ನು ನಾಶಮಾಡಿದಾಗ ಟೈಪ್ ಒನ್ ಬರುತ್ತದೆ. ಮಗು ಹೆಚ್ಚು ಸಿಹಿ ತಿಂದದ್ದು ಇದಕ್ಕೆ ಕಾರಣವಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದಳು ಎಂಬುದೂ ಕಾರಣವಲ್ಲ. ಈ ಎರಡು ಮಾತನ್ನು ಕೇಳಿಸಿಕೊಂಡು ಎಷ್ಟೋ ತಾಯಂದಿರು ಕಣ್ಣೀರು ಹಾಕಿದ್ದಾರೆ. ನನ್ನ ತಾಯಿಯೂ ಅವರಲ್ಲಿ ಒಬ್ಬರು.

ಇನ್ಸುಲಿನ್ ಇಲ್ಲದಿದ್ದರೆ ಏನಾಗುತ್ತದೆ? ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಅದು ಜೀವಕೋಶದೊಳಗೆ ಹೋಗಲು ಇನ್ಸುಲಿನ್ ಎಂಬ ಬೀಗದ ಕೈ ಬೇಕು. ಕೀಲಿ ಇಲ್ಲದಾಗ ಮನೆಯ ಹೊರಗೆ ಅಕ್ಕಿ ಮೂಟೆ ರಾಶಿ ಬಿದ್ದಿರುತ್ತದೆ, ಒಳಗಿನವರು ಉಪವಾಸ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರದಲ್ಲಿ ಸೋರತೊಡಗುತ್ತದೆ. ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ವಿಪರೀತ ಮೂತ್ರ, ವಿಪರೀತ ದಾಹ. ಹಸಿದ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ವಸ್ತುಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಆಮೇಲೆ ಪ್ರಜ್ಞೆ ತಪ್ಪುವುದು. ಟೈಪ್ ಒನ್ ಇರುವವರು ಇನ್ಸುಲಿನ್ ಬಿಟ್ಟರೆ ಇದೆಲ್ಲ ಆಗಲು ತಿಂಗಳುಗಳು ಬೇಕಿಲ್ಲ. ಎರಡು ಮೂರು ದಿನ ಸಾಕು.

ಇದನ್ನು ನಾನು ಓದಿ ತಿಳಿದದ್ದಲ್ಲ. ನನಗೆ ಟೈಪ್ ಒನ್ ಎಂದು ಗೊತ್ತಾದದ್ದು 1990ರಲ್ಲಿ, ಹತ್ತನೇ ವಯಸ್ಸಿನಲ್ಲಿ. ಆಗ ನಾವು ತಿಪಟೂರಿನಲ್ಲಿದ್ದೆವು. ತಂದೆ ಶಾಲಾ ಮಾಸ್ತರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಸೂಜಿ ಹಾಕಿಕೊಳ್ಳುವುದನ್ನು ಕಲಿತು ಬಂದೆ. ಮಾರನೆಯ ವರ್ಷ ಹತ್ತಿರದ ನೆಂಟರೊಬ್ಬರು ಒಂದು ಪುಡಿಯ ವಿಷಯ ತಂದರು. ಆ ಪುಡಿ ಕೊಡುವವರ ಷರತ್ತು ಒಂದೇ, ಪುಡಿಯೂ ಸೂಜಿಯೂ ಒಟ್ಟಿಗೆ ಆಗದು. "ಹೆಣ್ಣುಮಗು, ಜೀವಮಾನವೆಲ್ಲ ಚುಚ್ಚಿಕೊಳ್ತಾ ಕೂತರೆ ಯಾರು ಮದುವೆ ಆಗ್ತಾರೆ?" ಎಂದು ಅಜ್ಜಿ ಅತ್ತರು. ಅಪ್ಪ ಒಪ್ಪಿದರು. ಮೊದಲನೆಯ ದಿನ ಸೂಜಿ ಇಲ್ಲವೆಂದು ನಾನು ಕುಣಿದಾಡಿದ್ದು ನೆನಪಿದೆ. ಎರಡನೆಯ ದಿನ ಕೊಡಗಟ್ಟಲೆ ನೀರು ಕುಡಿದೆ. ಮೂರನೆಯ ದಿನ ವಾಂತಿ. ಆ ರಾತ್ರಿಯ ನಂತರದ್ದು ನನಗೆ ನೆನಪಿಲ್ಲ. ಅಪ್ಪ ಬಾಡಿಗೆ ಕಾರು ಮಾಡಿ ತುಮಕೂರಿಗೆ ಕರೆದುಕೊಂಡು ಹೋದರಂತೆ. ಕಣ್ಣು ಬಿಟ್ಟಾಗ ಕೈಗೆ ಡ್ರಿಪ್ ಹಾಕಿದ್ದರು. ಅಪ್ಪ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದರು.

ಆ ಪುಡಿಯ ವಿಷಯವನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ. ಆದರೆ ಅಂದಿನಿಂದ ನಾನು ಕಾಲೇಜು ಸೇರಿ ಹಾಸ್ಟೆಲಿಗೆ ಹೋಗುವವರೆಗೆ ಪ್ರತಿದಿನ ಬೆಳಿಗ್ಗೆ ನನ್ನ ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ನೀರಲ್ಲಿ ಕುದಿಸಿ, ಆರಿಸಿ, ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದವರು ಅವರೇ. ಅಮ್ಮನಿಗೂ ಬಿಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ತುಮಕೂರಿನಿಂದ ಬಸ್ಸಿನಲ್ಲಿ ಥರ್ಮಾಸ್ ಫ್ಲಾಸ್ಕಿನೊಳಗೆ ಐಸ್ ತುಂಡುಗಳ ನಡುವೆ ಇನ್ಸುಲಿನ್ ಬಾಟಲಿ ಬರುತ್ತಿತ್ತು. ಮನೆಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಪುಟ್ಟ ಮಡಕೆಯಲ್ಲಿಟ್ಟು, ಆ ಮಡಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ಇಡುತ್ತಿದ್ದೆವು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಒಳಗೆ ತಂಪು. ಇಂದಿಗೂ ಕರೆಂಟು ಕೈಕೊಡುವ ಊರುಗಳಲ್ಲಿ ಈ ಉಪಾಯ ಉಪಯೋಗಕ್ಕೆ ಬರುತ್ತದೆ. ಫ್ರಿಜ್ ಇರುವವರು ಒಂದು ಎಚ್ಚರ ವಹಿಸಬೇಕು. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಅದನ್ನು ಎಸೆದುಬಿಡಬೇಕು.

ಸಕ್ಕರೆ ಪರೀಕ್ಷೆಯೂ ಆಗ ಬೇರೆ ರೀತಿ. ಪ್ರನಾಳದಲ್ಲಿ 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣ ಹಾಕಿ, 8 ಹನಿ ಮೂತ್ರ ಸೇರಿಸಿ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು. ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ಉಪನ್ಯಾಸಕರು ಈ ಪರೀಕ್ಷೆ ಮಾಡಿ ತೋರಿಸಿದಾಗ ಸಹಪಾಠಿಗಳು ಬೆರಗಾಗಿ ನೋಡುತ್ತಿದ್ದರು. ನಾನು ಏನೂ ಗೊತ್ತಿಲ್ಲದವಳಂತೆ ನಿಂತಿದ್ದೆ. ಅಷ್ಟು ಹೊತ್ತಿಗಾಗಲೇ ಮುಚ್ಚಿಡುವುದು ಅಭ್ಯಾಸವಾಗಿತ್ತು. ಅದಕ್ಕೂ ಕಾರಣವಿದೆ. ಸಂಕ್ರಾಂತಿಯಂದು ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೋದರೆ ಎಲ್ಲ ಮಕ್ಕಳ ಕೈಗೂ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ನನ್ನ ಕೈಗೆ ಮಾತ್ರ ಬಾಳೆಹಣ್ಣು, ಜೊತೆಗೆ "ಅಯ್ಯೋ ಪಾಪ" ಎಂಬ ಉದ್ಗಾರ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಹನ್ನೊಂದು ವರ್ಷದ ಹುಡುಗಿಗೆ ಕೇಳಿಸುವುದು ಆ ಎರಡು ಪದ ಮಾತ್ರ. ತಮಾಷೆಯೆಂದರೆ, ಆ ಬಾಳೆಹಣ್ಣು ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಎಳ್ಳು ಬೆಲ್ಲಕ್ಕೇನೂ ಕಡಿಮೆ ಇರಲಿಲ್ಲ.

ಈಗ ನನ್ನ ದಿನ ಹೇಗಿದೆ ಎಂದು ಹೇಳುತ್ತೇನೆ. ಆರೋಗ್ಯವಂತ ಮೇದೋಜೀರಕ ಗ್ರಂಥಿ ಕ್ಷಣಕ್ಷಣವೂ ತಾನಾಗಿಯೇ ಮಾಡುವ ಲೆಕ್ಕವನ್ನು ನಾನು ಕೈಯಾರೆ ಮಾಡುತ್ತೇನೆ, ಅಷ್ಟೆ. ರಾತ್ರಿ ಒಂದು ನಿಧಾನಗತಿಯ ಇನ್ಸುಲಿನ್, ಮೂರು ಊಟಕ್ಕೆ ಮೊದಲು ಮೂರು ಶೀಘ್ರಗತಿಯವು. ದಿನಕ್ಕೆ ನಾಲ್ಕು ಸೂಜಿ. ಹೊಟ್ಟೆ, ತೊಡೆ ಎಂದು ಜಾಗ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಚರ್ಮದಡಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮೊದಲು ದಿನಕ್ಕೆ ಎರಡು, ಈಗ ನಾಲ್ಕು, ಹೀಗೆ ಮೂವತ್ತೈದು ವರ್ಷಕ್ಕೆ ಸುಮಾರು ನಲವತ್ತು ಸಾವಿರ ಚುಚ್ಚುಮದ್ದು ಆಗಿರಬಹುದು. ಈಗಿನ ಪೆನ್ನಿನ ಸೂಜಿ ಕೂದಲಿನಷ್ಟು ಸಣ್ಣ. ನೋವು ಹೇಳಿಕೊಳ್ಳುವಷ್ಟು ಇಲ್ಲ. ನೋವಿಗಿಂತ ಹೆಚ್ಚು ಸುಸ್ತು ಮಾಡುವುದು ಲೆಕ್ಕ.

ತಟ್ಟೆ ಮುಂದೆ ಬಂದ ಕೂಡಲೇ ಮನಸ್ಸು ಎಣಿಸತೊಡಗುತ್ತದೆ. ಎಷ್ಟು ಇಡ್ಲಿ? ದೊಡ್ಡವೋ ಚಿಕ್ಕವೋ? ಸಾಂಬಾರಿಗೆ ಬೆಲ್ಲ ಹಾಕಿದ್ದಾರೋ? ಊಟವಾದ ಮೇಲೆ ನಡೆಯುತ್ತೇನೋ, ಎಡಿಟಿಂಗ್ ಕೋಣೆಯಲ್ಲಿ ಕೂರುತ್ತೇನೋ? ಜ್ವರ, ನಿದ್ದೆಗೇಡು, ತಿಂಗಳ ಮುಟ್ಟು, ಬಾಸ್ ಜೊತೆ ವಾಗ್ವಾದ, ಎಲ್ಲಕ್ಕೂ ರಕ್ತದ ಸಕ್ಕರೆ ಸ್ಪಂದಿಸುತ್ತದೆ. ನಿನ್ನೆ ಸರಿಹೋದ ಲೆಕ್ಕ ಇವತ್ತು ತಪ್ಪಬಹುದು. ಎರಡು ಇಡ್ಲಿಗೆ ನಾನು ತೆಗೆದುಕೊಳ್ಳುವ ಪ್ರಮಾಣ ಇನ್ನೊಬ್ಬರಿಗೆ ಸರಿಹೋಗುವುದಿಲ್ಲ, ಆದ್ದರಿಂದ ಇಲ್ಲಿ ಅಂಕಿ ಕೊಡುವುದಿಲ್ಲ. ಅದನ್ನು ನಿಮ್ಮ ವೈದ್ಯರೇ ಗೊತ್ತುಮಾಡಬೇಕು.

ಅಡುಗೆಮನೆಯ ಎರಡು ನಂಬಿಕೆಗಳನ್ನು ಇಲ್ಲಿ ತಿದ್ದಬೇಕು. "ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ" ಎನ್ನುತ್ತಾರೆ. ನಾನು ಮುದ್ದೆಯ ನಾಡಿನವಳೇ, ಮುದ್ದೆ ಪ್ರೀತಿಯಿಂದ ತಿನ್ನುತ್ತೇನೆ. ಆದರೆ ರಾಗಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ಪಿಷ್ಟವೇ. ರಾಗಿಯಲ್ಲಿ ಸುಣ್ಣದ ಅಂಶವಿದೆ, ನಾರಿದೆ, ಒಳ್ಳೆಯ ಧಾನ್ಯ. ಹಾಗೆಂದು ದೊಡ್ಡ ಎರಡು ಮುದ್ದೆ ಲೆಕ್ಕಕ್ಕೇ ಇಲ್ಲ ಎಂದುಕೊಂಡರೆ ಮೀಟರು ನಿಜ ಹೇಳುತ್ತದೆ. ಎರಡನೆಯದು, ಸಕ್ಕರೆ ಬೇಡ, ಬೆಲ್ಲ, ಜೇನುತುಪ್ಪ ಪರವಾಗಿಲ್ಲ ಎಂಬುದು. ರಕ್ತಕ್ಕೆ ಹೋದ ಮೇಲೆ ಮೂರೂ ಒಂದೇ ಕಡೆಗೆ ಕರೆದೊಯ್ಯುತ್ತವೆ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಯುಗಾದಿಯ ದಿನ ನಾನು ಒಂದು ಒಬ್ಬಟ್ಟು ತಿನ್ನುತ್ತೇನೆ. ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಂಡು, ತುಪ್ಪ ಹಾಕಿಕೊಂಡು, ಯಾರ ಕಣ್ಣನ್ನೂ ತಪ್ಪಿಸದೆ ತಿನ್ನುತ್ತೇನೆ.

ಸಕ್ಕರೆ ಏರುವುದನ್ನೇ ಎಲ್ಲರೂ ಅಪಾಯವೆಂದು ತಿಳಿದಿದ್ದಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಳಿಯುವುದೂ ಅಷ್ಟೇ ಅಪಾಯ, ಮತ್ತು ಅದು ನಿಮಿಷಗಳಲ್ಲಿ ಬರುತ್ತದೆ. ಲೆಕ್ಕಕ್ಕಿಂತ ಕಡಿಮೆ ತಿಂದರೆ, ಹೆಚ್ಚು ನಡೆದರೆ, ಊಟ ತಡವಾದರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಬೀಳುತ್ತದೆ. ಕೈ ನಡುಕ, ಬೆವರು, ಎದೆ ಡವಡವ, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು. ಒಮ್ಮೆ ನೇರ ಪ್ರಸಾರದ ನಡುವೆ, ಏರ್ ಕಂಡೀಷನ್ ಕೋಣೆಯಲ್ಲಿ ನಾನು ಬೆವರಿನಲ್ಲಿ ತೊಯ್ದು, ಎದುರಿನ ಪರದೆಯಲ್ಲಿ ಏನಿದೆ ಎಂದು ತಿಳಿಯದೆ "ಕ್ಯಾಮೆರಾ ಎರಡು, ಕ್ಯಾಮೆರಾ ಎರಡು" ಎಂದು ಹೇಳುತ್ತಲೇ ಇದ್ದೆ. ನಾನು ಕೋಪದಲ್ಲಿದ್ದೇನೆ ಎಂದುಕೊಂಡು ಯಾರೂ ಮಾತನಾಡಿಸಲಿಲ್ಲ. ಕೈಚೀಲದಲ್ಲಿದ್ದ ಗ್ಲೂಕೋಸ್ ಪುಡಿ ಕೈಗೆ ಸಿಕ್ಕಿದ್ದರಿಂದ ಬಚಾವಾದೆ. ಪಕ್ಕದವರಿಗೆ ವಿಷಯ ಗೊತ್ತಿದ್ದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ. ನನ್ನ ಮೌನದ ಬೆಲೆಯನ್ನು ಅಂದೇ ಅರಿಯಬೇಕಿತ್ತು. ಅರಿಯಲಿಲ್ಲ.

ದಯವಿಟ್ಟು ಇದನ್ನು ನೆನಪಿಡಿ. ಹೀಗಾದವರಿಗೆ ಪ್ರಜ್ಞೆ ಇದ್ದು, ನುಂಗಲು ಸಾಧ್ಯವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಬಿಸ್ಕತ್ತು, ಚಾಕೊಲೇಟ್ ನಿಧಾನವಾಗಿ ಕೆಲಸ ಮಾಡುತ್ತವೆ, ಅವು ಆಮೇಲೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಆ ಸ್ಥಿತಿಯಲ್ಲಿ "ಸಕ್ಕರೆ ಕಾಯಿಲೆಯವರು" ಎಂದು ಇನ್ಸುಲಿನ್ ಹಾಕಲೇಬಾರದು. ನನ್ನ ಮಗಳು ಐದು ವರ್ಷದವಳಿದ್ದಾಗಲೇ ಇದನ್ನು ಕಲಿತಿದ್ದಳು. ಒಂದು ಮಧ್ಯಾಹ್ನ ಡಬ್ಬಿ ಸಮೇತ ಸಕ್ಕರೆ ಹೊತ್ತುಕೊಂಡು ಬಂದು ನನ್ನ ಬಾಯಿಗೆ ತುಂಬಿದ್ದಳು. ಐದು ವರ್ಷದ ಮಗು ಕಲಿಯಬಲ್ಲದ್ದನ್ನು ಒಂದು ಶಾಲೆಯ ಅಧ್ಯಾಪಕರೂ ಒಂದು ಕಚೇರಿಯ ಸಿಬ್ಬಂದಿಯೂ ಖಂಡಿತ ಕಲಿಯಬಲ್ಲರು.

ಮಗಳ ಮಾತು ಬಂದಿದ್ದರಿಂದ ಮದುವೆಯ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಆ ತಾಯಿ ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ್ದೂ ಅದನ್ನೇ. "ನಿಮಗೆ ಮದುವೆ ಆಗಿದೆಯಾ ಮೇಡಂ?" ಆಗಿದೆ. ಆದರೆ ಸುಲಭವಾಗಿ ಆಗಲಿಲ್ಲ. "ಮುಚ್ಚಿಟ್ಟು ಮಾಡಿಬಿಡೋಣ, ಆಮೇಲೆ ಹೊಂದಿಕೊಳ್ಳುತ್ತಾರೆ" ಎಂದವರು ನಮ್ಮ ಕಡೆಯವರೇ. ನಾನು ಒಪ್ಪಲಿಲ್ಲ. ಮೂರು ಹೊತ್ತು ಕದ್ದು ಸೂಜಿ ಹಾಕಿಕೊಳ್ಳುವ ಸೊಸೆ ಒಂದು ದಿನ ಹಾಕಿಕೊಳ್ಳದೆ ಉಳಿಯುತ್ತಾಳೆ, ಆ ದಿನವೇ ಅಪಾಯ. ಹೇಳಿದ್ದಕ್ಕೆ ಎರಡು ಮನೆಯವರು ಹಿಂದೆ ಸರಿದರು. ಮೂರನೆಯವರು ಎಲ್ಲ ಕೇಳಿಸಿಕೊಂಡು, "ಆ ಸೂಜಿ ಹೇಗೆ ಹಾಕೋದು ಅಂತ ನನಗೂ ತೋರಿಸ್ತೀರಾ?" ಎಂದರು. ಅವರೇ ನನ್ನ ಯಜಮಾನರು. ಬಸುರಿಯಾಗುವ ಮೊದಲೇ ವೈದ್ಯರ ಸಲಹೆ ಪಡೆದು, ಸಕ್ಕರೆಯನ್ನು ಹಿಡಿತಕ್ಕೆ ತಂದುಕೊಂಡು, ಆರೋಗ್ಯವಂತ ಮಗುವನ್ನು ಹೆತ್ತೆ. ತಾಯಿಗೆ ಟೈಪ್ ಒನ್ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಒಂದರಿಂದ ನಾಲ್ಕು ಎಂದು ವೈದ್ಯರು ಹೇಳುತ್ತಾರೆ. ಅಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ಮದುವೆಯಾಗುವವರಿಗೆ ಹೇಳುವ ಧೈರ್ಯವಿದ್ದ ನಾನು ಕಚೇರಿಯಲ್ಲಿ ಯಾಕೆ ಮುಚ್ಚಿಟ್ಟೆ? ಆರಂಭದಲ್ಲಿ ನಾನು ಗುತ್ತಿಗೆಯ ಮೇಲೆ ಇದ್ದೆ. ಹೊರಾಂಗಣ ಚಿತ್ರೀಕರಣಕ್ಕೆ ಕಳಿಸುವುದಿಲ್ಲ, ನೇರ ಪ್ರಸಾರ ಒಪ್ಪಿಸುವುದಿಲ್ಲ ಎಂದು ಹೆದರಿದೆ. ಕೆಲಸ ಕಾಯಂ ಆದ ಮೇಲೆ ಹೇಳಲು ನಾಚಿಕೆಯಾಯಿತು. ಈಗ ಎಲ್ಲರಿಗೂ ಗೊತ್ತಾಗಿ ವರ್ಷವಾಗುತ್ತಾ ಬಂತು. ಯಾವ ಕೆಲಸವೂ ಕೈತಪ್ಪಿಲ್ಲ. ಕಂಟ್ರೋಲ್ ರೂಮಿನ ಡ್ರಾಯರಿನಲ್ಲಿ ಯಾರೋ ಒಂದು ಗ್ಲೂಕೋಸ್ ಡಬ್ಬಿ ತಂದಿಟ್ಟಿದ್ದಾರೆ, ಯಾರೆಂದು ನಾನು ಕೇಳಿಲ್ಲ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಅವರು 2003ರ ವಿಶ್ವಕಪ್‌ವರೆಗೂ ಆಡಿದರು, ಅದೇ ಪಂದ್ಯಾವಳಿಯಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದರು. ಇನ್ಸುಲಿನ್ ಹಾಕಿಕೊಂಡು ಅಷ್ಟು ವೇಗವಾಗಿ ಚೆಂಡೆಸೆಯಬಹುದಾದರೆ, ಕುರ್ಚಿಯಲ್ಲಿ ಕುಳಿತು ಕ್ಯಾಮೆರಾ ಬದಲಿಸುವುದು ದೊಡ್ಡ ಮಾತಲ್ಲ.

ಇನ್ಸುಲಿನ್ ಬಗ್ಗೆ "ಅದು ಚಟವಾಗಿಬಿಡುತ್ತದೆ" ಎಂದು ಹೇಳುವವರಿಗೆ ಒಂದು ಇತಿಹಾಸ ಹೇಳುತ್ತೇನೆ. 1922ರ ಮೊದಲು ಟೈಪ್ ಒನ್ ಬಂದ ಮಕ್ಕಳಿಗೆ ಇದ್ದ ಚಿಕಿತ್ಸೆ ಉಪವಾಸ ಮಾತ್ರ. ಅದು ಸಾವನ್ನು ಕೆಲವು ತಿಂಗಳು ಮುಂದೂಡುತ್ತಿತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಮೆಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸೂಜಿ. ಆಗ ಆತನ ತೂಕ ಸುಮಾರು 30 ಕಿಲೋ. ಮೊದಲ ಪ್ರಯತ್ನ ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧೀಕರಿಸಿಕೊಟ್ಟ ಇನ್ಸುಲಿನ್ ಅನ್ನು ಜನವರಿ 23ರಂದು ಕೊಟ್ಟಾಗ ಫಲಿಸಿತು. ಇನ್ನೇನು ಮುಗಿಯಿತು ಎಂದುಕೊಂಡಿದ್ದ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಅದರ ಪೇಟೆಂಟನ್ನು ಸಂಶೋಧಕರು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನ. ಉಸಿರಾಟವನ್ನು ಯಾರೂ ಚಟ ಎನ್ನುವುದಿಲ್ಲವಲ್ಲ, ಟೈಪ್ ಒನ್ ಇರುವವರಿಗೆ ಇನ್ಸುಲಿನ್ ಹಾಗೆಯೇ.

ಇನ್ನೊಂದು ಭರವಸೆಯ ಮಾತು. "ಹೇಗಿದ್ದರೂ ಕಣ್ಣು, ಮೂತ್ರಪಿಂಡ ಹೋಗಿಯೇ ಹೋಗುತ್ತವೆ" ಎಂದು ನನ್ನ ಎದುರೇ ಹೇಳಿದವರಿದ್ದಾರೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಂದಿ ಟೈಪ್ ಒನ್ ಸ್ವಯಂಸೇವಕರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟುಕೊಂಡವರಲ್ಲಿ ಕಣ್ಣಿನ ತೊಂದರೆ ಆರಂಭವಾಗುವ ಸಂಭವ ನೂರಕ್ಕೆ 76ರಷ್ಟು ಕಡಿಮೆಯಾಗಿತ್ತು. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದಗಳ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ. ಮೂವತ್ತೈದು ವರ್ಷದ ನಂತರವೂ ಈ ಬರಹವನ್ನು ನಾನೇ ಬರೆದು, ನಾನೇ ತಿದ್ದಿದ್ದೇನೆ.

ನನ್ನ ಅಭಿಪ್ರಾಯಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ.

ತಾಯಿತಂದೆಯರಿಗೆ: ಮಗು ವಿಪರೀತ ನೀರು ಕುಡಿದರೆ, ಪದೇ ಪದೇ ಮೂತ್ರಕ್ಕೆ ಹೋದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಚೆನ್ನಾಗಿ ತಿಂದರೂ ಸೊರಗಿದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಗ್ಲೂಕೋಮೀಟರಿನಲ್ಲಿ ಅದು ಒಂದು ನಿಮಿಷದ ಕೆಲಸ. ಈಗಾಗಲೇ ಇನ್ಸುಲಿನ್ ಪಡೆಯುತ್ತಿರುವ ಮಗುವಿಗೆ ಜ್ವರ ಬಂದು ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ. ಬಾಟಲಿ ಕೊಳ್ಳುವಾಗ ಸಿರಿಂಜ್ ಹೊಂದುತ್ತದೆಯೇ ನೋಡಿ. ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗುತ್ತದೆ.

ಅಧ್ಯಾಪಕರಿಗೆ: ಆ ಮಗು ತರಗತಿಯಲ್ಲಿ ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡರೆ, ನೀರಿಗೆ ಎದ್ದರೆ ಬಿಡಿ. ಸಿ.ಬಿ.ಎಸ್.ಇ. ಮಂಡಳಿ 2017ರಲ್ಲಿ ಟೈಪ್ ಒನ್ ಇರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಅವಕಾಶ ಕೊಟ್ಟಿತು. ಪರೀಕ್ಷೆಗೇ ಅವಕಾಶವಿರುವಾಗ ದಿನದ ಪಾಠಕ್ಕೆ ಯಾಕಿಲ್ಲ?

ಸರ್ಕಾರಕ್ಕೆ: ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇನ್ಸುಲಿನ್ ಇದೆ, ಸಂತೋಷ. ಆದರೆ ಪರೀಕ್ಷೆಯ ಪಟ್ಟಿಗಳಿಲ್ಲದೆ ಇನ್ಸುಲಿನ್ ಹಾಕಿಕೊಳ್ಳುವುದು ದೀಪವಿಲ್ಲದೆ ರಾತ್ರಿ ಗಾಡಿ ಓಡಿಸಿದಂತೆ. ಕೂಲಿ ಮಾಡುವ ಮನೆಯ ಮಗುವಿಗೆ ದಿನಕ್ಕೆ ನಾಲ್ಕು ಪಟ್ಟಿ ಕೊಳ್ಳುವುದು ಆಗದ ಮಾತು. ಎರಡನ್ನೂ ಒಟ್ಟಿಗೆ ಕೊಡಬೇಕು.

ನೆಂಟರಿಷ್ಟರಿಗೆ: "ಪಾಪ" ಅನ್ನಬೇಡಿ. "ನೀನು ಇದನ್ನು ತಿನ್ನಬಹುದಾ?" ಎಂದು ಪಂಕ್ತಿಯಲ್ಲಿ ಎಲ್ಲರೆದುರು ವಿಚಾರಿಸಬೇಡಿ. ಅದನ್ನು ನಾವು ನಿಮಗಿಂತ ಮೊದಲೇ ಲೆಕ್ಕ ಹಾಕಿರುತ್ತೇವೆ. ಇನ್ಸುಲಿನ್ ಬಿಡಿಸುವ ಪುಡಿ, ಕಷಾಯ, ಯಂತ್ರದ ವಿಳಾಸಗಳನ್ನು ತರಬೇಡಿ.

ನನ್ನ ವೃತ್ತಿಯವರಿಗೆ: ಮಧುಮೇಹ ಎಂಬ ಒಂದೇ ಪದದಡಿ ಎರಡು ಕಾಯಿಲೆಗಳಿವೆ. ಪ್ರತಿ ಕಾರ್ಯಕ್ರಮದಲ್ಲಿ, ಪ್ರತಿ ಸಲವೂ, ಯಾವುದರ ಬಗ್ಗೆ ಮಾತು ಎಂದು ಹೇಳಿಸಿ. ಸಮಯ ಮೀರಿದರೂ ಪರವಾಗಿಲ್ಲ, ಗುಂಡಿ ಒತ್ತಿ.

ಆ ತಾಯಿ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಕಳೆದ ಸಲ ಮಗಳ ಕೈಗೇ ಕೊಟ್ಟರು. "ಆಂಟಿ, ನಾನೇ ಹಾಕ್ಕೊಳ್ಳೋದು ಕಲಿತೆ. ನೀವು ಎಷ್ಟನೇ ವಯಸ್ಸಲ್ಲಿ ಕಲಿತಿದ್ದು?" ಎಂದು ಕೇಳಿದಳು. ಹತ್ತು ಎಂದೆ. "ನಾನು ಒಂಬತ್ತಕ್ಕೇ ಕಲಿತೆ" ಎಂದು ನಕ್ಕಳು.